ಹನಮಪ್ಪನ ಬಿಳಿ ಪಟ್ಟಿ

೧೯೮೫ರ ಮಾರ್ಚ್ ತಿಂಗಳ ಒಂದು ರವಿವಾರ ಬೆಳಿಗ್ಗೆ, ನಮ್ಮ ಹೈಸ್ಕೂಲಿನ ಹಿಂದಿನ ಪಡಸಾಲೆಯಲ್ಲಿ ಮುಖದ ತುಂಬ ಸಾಬೂನಿನ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾಗ, ಕನ್ನಡಿಯಲ್ಲಿ ನನ್ನದೇ ರಕ್ತ ಕಂಡೆ. ಬಿಳಿ ನೊರೆಯ ಮೇಲೆ ಕಿವಿಯಿಂದ ಗದ್ದದವರೆಗೆ ಒಂದು ಕೆಂಪು ಗೀರು. ನೋವೇನೂ ಇರಲಿಲ್ಲ. ಆಳವಾದ ಗಾಯ ಮೊದಲು ನೋಯುವುದಿಲ್ಲ ಎಂದು ಎಲ್ಲೋ ಓದಿದ್ದೆ. ಓದಿದ್ದು ಅಪರೂಪಕ್ಕೆ ಸರಿಯಾದ ಹೊತ್ತಿಗೆ ನೆನಪಾಯಿತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ತುಂಬಿದ ಧೈರ್ಯವೆಲ್ಲ ಕಾಲಿಗಿಳಿದು, ಕಾಲು ಕುರ್ಚಿಯಿಂದ ಜಾರಿ, ಕಾಲಿನ ಹಿಂದೆ ನಾನೂ ನೆಲಕ್ಕೆ ಬಂದೆ.

ಕತ್ತಿ ಹಿಡಿದಿದ್ದ ಹನಮಪ್ಪ ಗಾಬರಿಯಾಗಲಿಲ್ಲ. ಬಗ್ಗಿ, ನನ್ನ ಗಲ್ಲದ ಕೆಂಪನ್ನು ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ.

"ರಕ್ತ ಅಲ್ರೀ ಸರ್. ಸೀರಿ ಬಣ್ಣ."

ಅವನ ಹೆಂಡತಿ ಫಕೀರವ್ವ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ಕತ್ತಿ ಮಸೆಯುವ ಪಟ್ಟಿಗೆಂದು ಹರಿದದ್ದು ಅವಳದೇ ಹಳೆಯ ಸೀರೆಯ ಕೆಂಪು ಸೆರಗನ್ನು. ಕಸಬರಿಗೆ ನಿಲ್ಲಿಸಿ, ನೆಲದ ಮೇಲಿದ್ದ ನನ್ನನ್ನು ಒಮ್ಮೆ ನೋಡಿದಳು. ಹದಿನೈದು ವರ್ಷ ಒಗೆದರೂ ಬಣ್ಣ ಬಿಡದ ಸೀರೆ ಮಾಸ್ತರ ಮಾರಿ ನೋಡಿ ಬಿಟ್ಟಿತಲ್ಲ ಎಂದು ಮತ್ತೆ ಗುಡಿಸತೊಡಗಿದಳು. ಮುಖಭಂಗ ಎನ್ನುವ ಪದವನ್ನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ. ಅದರ ಅರ್ಥ ಮುಖಕ್ಕೇ ತಿಳಿದದ್ದು ಅಂದು.

ತಪ್ಪು ಸೀರೆಯದಲ್ಲ. ಕತ್ತಿಯನ್ನು ಒರೆಸಿ ಒಣಗಿಸದೆ, ನೀರಿದ್ದಂತೆಯೇ ಬಟ್ಟೆಯ ಮೇಲೆ ಎಳೆದಿದ್ದ. ಹನಮಪ್ಪ ಸೆರಗಿನ ತುಂಡನ್ನು ಸುತ್ತಿ ಬದಿಗಿಟ್ಟ. ಇನ್ನು ಬಣ್ಣದ ಬಟ್ಟೆ ಬೇಡ, ಹಸಿ ಕತ್ತಿಯೂ ಬೇಡ ಎಂದು ತನಗೆ ತಾನೇ ಹೇಳಿಕೊಂಡ. ಮದುವೆಗೆ ಎರಡು ತಿಂಗಳು ಉಳಿದಿತ್ತು.

ಮದುವೆ ಅವನ ಮಗಳು ಮಲ್ಲಕ್ಕನದು. ಚಿಂತೆ ಮಾತ್ರ ಮದುಮಗಳದ್ದಲ್ಲ, ಅವಳ ಅಜ್ಜನದು. ಅಜ್ಜನ ದಾಡಿಯದು.

ಹನಮಪ್ಪ ನಮ್ಮ ಶಾಲೆಯ ಸಿಪಾಯಿ, ಗಂಟೆ ಹೊಡೆಯುವವ. ಊರು ನವಲಗುಂದ ತಾಲೂಕಿನದು, ತಿರ್ಲಾಪುರದ ಬಾಜೂಕಿನದು. ಹೆಸರು ಹೇಳುವುದಿಲ್ಲ, ಏಕೆಂದರೆ ಮುಂದಿನ ಮಾತು ಆ ಒಂದೇ ಊರಿನದಲ್ಲ. ಊರಿನ ಕ್ಷೌರಿಕನ ಕತ್ತಿ ಕೇರಿಯ ಗಲ್ಲಗಳನ್ನು ಮುಟ್ಟುತ್ತಿರಲಿಲ್ಲ. ಬರೆದಿಟ್ಟ ನಿಯಮವಲ್ಲ. ಬರೆದಿದ್ದರೆ ಅಳಿಸಬಹುದಿತ್ತು. ಕೇರಿಯ ಗಂಡಸರು ಒಂದು ದಿನದ ದುಡಿಮೆ ಬಿಟ್ಟು ನವಲಗುಂದದ ಸಂತೆಗೆ ಹೋಗಬೇಕು. ಅಲ್ಲಿ ಬೇವಿನ ಮರದ ಕೆಳಗೆ ಹಜರತಅಲಿ ಎನ್ನುವ ಮುದುಕ ಪೆಟ್ಟಿಗೆ ಇಟ್ಟುಕೊಂಡು ಕೂಡುತ್ತಿದ್ದ. ಅವನು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ಗದ್ದ ಎತ್ತು ಎನ್ನುತ್ತಿದ್ದ, ಅಷ್ಟೆ. ಹನಮಪ್ಪ ವರ್ಷವಿಡೀ ಸಂತೆಯ ದಿನ ಅವನ ಬದಿಗೆ ಕುಳಿತು ಕೆಲಸ ಕಲಿತ. ಹಜರತಅಲಿಯ ಕಣ್ಣು ಮಂಜಾದಾಗ ಅವನ ಕತ್ತಿಯೂ ತೊಗಲಿನ ಪಟ್ಟಿಯೂ ಹನಮಪ್ಪನ ಕೈಗೆ ಬಂದವು. ಅಂದಿನಿಂದ ರವಿವಾರ ಮಧ್ಯಾಹ್ನ ಅವನ ಮನೆಯ ಮುಂದೆ ಮೂವತ್ತು ಮುಖಗಳು ಸರತಿಯಲ್ಲಿ ಕೂಡುತ್ತಿದ್ದವು. ಕೊಟ್ಟರೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ಕೊಡದಿದ್ದರೂ ಕತ್ತಿ ಅದೇ ಹದದಲ್ಲಿ ಓಡುತ್ತಿತ್ತು.

ಕತ್ತಿಯನ್ನು ಕಲ್ಲಿಗೆ ಮಸೆದರೆ ಅಲಗು ಬರುತ್ತದೆ, ಆದರೆ ಆ ಅಲಗಿಗೆ ಕಣ್ಣಿಗೆ ಕಾಣದ ಹಲ್ಲುಗಳಿರುತ್ತವೆ. ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆದೆಳೆದು ಆ ಹಲ್ಲು ಮಡಿಸಬೇಕು. ಪಟ್ಟಿ ಕೆಟ್ಟರೆ ಕತ್ತಿ ಕೂದಲಿನ ಜೊತೆ ಚರ್ಮವನ್ನೂ ಕೇಳುತ್ತದೆ. ೧೯೮೪ರ ಮಳೆಗಾಲದಲ್ಲಿ ಹಜರತಅಲಿಯ ಪಟ್ಟಿ ಬಿರುಕು ಬಿಟ್ಟಿತು.

ಹೊಸದನ್ನು ಹನಮಪ್ಪನ ತಂದೆ ರಾಮಪ್ಪ ಮಾಡಿಕೊಟ್ಟ. ರಾಮಪ್ಪನಿಗೆ ಆಗಲೇ ಎಪ್ಪತ್ತು. ಐವತ್ತು ವರ್ಷ ಊರಿನ ಎತ್ತುಗಳಿಗೆ ಮಿಣಿ, ಒಕ್ಕಲಿಗರ ಕೈಗೆ ಬಾರುಕೋಲು, ಕಾಲಿಗೆ ಚಪ್ಪಲಿ ಮಾಡಿದ ಕೈ. ಕೈ ಬಿಟ್ಟಿದ್ದ ಕಸುಬನ್ನು ಮಗನಿಗಾಗಿ ಮತ್ತೆ ಹಿಡಿದು, ಎಮ್ಮೆಗರುವಿನ ತೊಗಲನ್ನು ತಂಗಡಿ ಗಿಡದ ಚಕ್ಕೆಯ ನೀರಿನಲ್ಲಿ ನೆನೆಹಾಕಿ, ತಿಕ್ಕಿ, ಎಣ್ಣೆ ಉಣಿಸಿ, ಎರಡು ತಿಂಗಳು ಹದ ಮಾಡಿದ. ನಾನು ಮುಟ್ಟಿ ನೋಡಿದ್ದೆ. ಹೂವಿನ ಎಸಳಿನ ಹಾಗಿತ್ತು. ಅದು ಅವನ ಕೊನೆಯ ಕೆಲಸ. ಪಟ್ಟಿ ಮುಗಿದು ಗೂಟಕ್ಕೆ ಬಿದ್ದ ವಾರಕ್ಕೇ ಕಾಲಿನ ಹುಣ್ಣು ಕೊಳೆತು ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಸಕ್ಕರೆ ಬೇನೆ. ನಲವತ್ತು ದಿನ ಇಟ್ಟುಕೊಂಡು ಎರಡು ಬೆರಳು ತೆಗೆದು ಕಳಿಸಿದರು. ಮೈಮೇಲೆ ಇನ್ನೊಂದು ಗೀರು ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಮಾಯುವುದಿಲ್ಲ ಎಂದರು ಡಾಕ್ಟರು.

ಆ ನಲವತ್ತು ದಿನ ರಾಮಪ್ಪನ ನಾಯಿ ಕಾಳ್ಯಾ ಅನ್ನ ಮುಟ್ಟಲಿಲ್ಲವೆಂದು ಕೇರಿಯೆಲ್ಲ ಹೇಳಿತು. ಮುದುಕ ಮರಳಿ ಬಂದಾಗ ನಾಯಿ ಅಷ್ಟೇನೂ ಸೊರಗಿರಲಿಲ್ಲ, ಆದರೆ ಭಕ್ತಿಯನ್ನು ತಕ್ಕಡಿಯಲ್ಲಿ ತೂಗುವವರು ಯಾರು? ಈ ಮನೆಯಲ್ಲಿ ತನ್ನನ್ನು ನೆನೆದದ್ದು ಇದೊಂದೇ ಜೀವ ಎಂದು ರಾಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ತನ್ನ ರೊಟ್ಟಿಯಲ್ಲಿ ಅರ್ಧ ಅದಕ್ಕೆ. ಅದು ಮುದುಕನ ಹಗ್ಗದ ಹೊರಸಿನ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿತ್ತು.

ಮನೆಗೆ ಬಂದ ಮೂರನೆಯ ದಿನ ರಾಮಪ್ಪನ ಕಣ್ಣು ಗೂಟದ ಕಡೆ ಹೋಯಿತು. ತೊಗಲಿನ ಪಟ್ಟಿ ಇರಲಿಲ್ಲ. ಎಲ್ಲಿ ಎಂದು ಕೇಳಿದ. ಹನಮಪ್ಪ ಮಾತಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಅದೇ ಗೂಟಕ್ಕೆ ಬಟ್ಟೆಯ ಪಟ್ಟಿ ಬಂತು. ಮುದುಕ ಅದನ್ನು ಬಹಳ ಹೊತ್ತು ನೋಡಿದನಂತೆ.

"ನನ್ನ ತೊಗಲ ಹೇಸಿಗಿ ಬಂತೇನ್ಲೇ, ಸಿಪಾಯಿ?" ಅಂದ.

ಮಗ ಬಗ್ಗಿ ಕತ್ತಿಯನ್ನು ಒರೆಸತೊಡಗಿದ. ಅರಿಬಿಗೆ ಮಸೆದ ಕತ್ತಿ ತನ್ನ ಮಾರಿಗೆ ಮುಟ್ಟುವುದು ಬೇಡ ಎಂದು ಹೇಳಿ ರಾಮಪ್ಪ ಗೋಡೆಯ ಕಡೆ ಹೊರಳಿದ. ಅಂದಿನಿಂದ ದಾಡಿ ಬೆಳೆಯತೊಡಗಿತು.

ಕೇರಿಗೆ ಇದರ ಅರ್ಥ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಎರಡು ವರ್ಷದ ಹಿಂದೆ ಹನಮಪ್ಪ ಹುಬ್ಬಳ್ಳಿಯ ಸಂಘದ ಸಭೆಗೆ ಹೋಗಿ ಬಂದು ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದ್ದ. ಸತ್ತ ದನ ಎಳೆಯುವುದನ್ನು ಬಿಡಬೇಕು ಎಂದು ಹರೆಯದವರಿಗೆ ಹೇಳುತ್ತಿದ್ದ. ಈಗ ತೊಗಲನ್ನೇ ಬಿಟ್ಟ. ಹರೆಯದವರಿಗೆ ಹೆಮ್ಮೆ, ಹಿರಿಯರಿಗೆ ಸಂಕಟ. ನನಗೆ ಎರಡೂ. ಕಾರಣವನ್ನು ಯಾರೂ ಅವನ ಬಾಯಿಂದ ಕೇಳಲಿಲ್ಲ. ನಾನೂ ಕೇಳಲಿಲ್ಲ; ಉತ್ತರ ನನಗೆ ಗೊತ್ತಿತ್ತಲ್ಲ.

ಈ ನಡುವೆ ಮಲ್ಲಕ್ಕನ ಮದುವೆ ಮೇ ತಿಂಗಳಿಗೆ ನಿಶ್ಚಯವಾಯಿತು. ಹಿರಿಯನೊಬ್ಬ ದಾಡಿ ಬಿಟ್ಟು ಹಂದರದಲ್ಲಿ ಕುಳಿತರೆ ಬೀಗರು ಕೇಳುವ ಮೊದಲ ಮಾತು: ಮನೆಯಲ್ಲಿ ಯಾರು ತೀರಿಕೊಂಡರು? ಅಜ್ಜ ಒಳಗೇ ಮಲಗಿರಲಿ ಎಂದರೆ ಮಲ್ಲಕ್ಕ ಒಪ್ಪಲಿಲ್ಲ. ಅಜ್ಜ ಅಕ್ಕಿಕಾಳು ಹಾಕದಿದ್ದರೆ ತಾಳಿ ಬೇಡ ಎಂದು ಕುಳಿತಳು. ಮುದುಕನನ್ನು ಒಪ್ಪಿಸಬೇಕು, ದಾಡಿ ತೆಗೆಯಬೇಕು, ಒಂದು ಹನಿ ರಕ್ತ ಬೀಳಬಾರದು. ಫಕೀರವ್ವ ಮಾವ ನಿದ್ದೆ ಹೋದಾಗ ಬ್ಲೇಡಿನ ಸೆಟ್ಟಿನಿಂದ ಒಂದು ಪ್ರಯತ್ನ ಮಾಡಿ ನೋಡಿದ್ದಳು. ಗಲ್ಲದ ಸುಕ್ಕಿನಲ್ಲಿ ಬ್ಲೇಡು ಸಿಕ್ಕಿ ಬಿದ್ದ ಗೀರು ಮಾಯಲು ಮೂರು ವಾರ ಬೇಕಾಯಿತು. ಅವಳು ಆ ಮೂರು ವಾರ ಸರಿಯಾಗಿ ಉಣ್ಣಲಿಲ್ಲ.

ಗೂಟದ ಮೇಲಿನ ಬಟ್ಟೆ ಕೇರಿಯ ಗಲ್ಲಗಳಿಗೆ ಸಾಕಿತ್ತು, ಮುದುಕನ ಚರ್ಮಕ್ಕೆ ಸಾಲದು. ಹೀಗೆ ಒಳ್ಳೆಯ ಬಟ್ಟೆಯ ಹುಡುಕಾಟ ಶುರುವಾಯಿತು. ನಮ್ಮ ಕಡೆಯ ಹಳಬರು ಕ್ಷೌರದ ಕತ್ತಿಗೆ ವಸ್ತರಾ ಅನ್ನುತ್ತಾರೆ. ವಸ್ತ್ರಕ್ಕೂ ವಸ್ತರಾಕ್ಕೂ ಗಂಟು ಹಾಕುವ ಈ ಕೆಲಸಕ್ಕೆ ನಾನು ನನ್ನ ಗಲ್ಲಗಳನ್ನು ಕೊಟ್ಟೆ. ಒಂದು ಗಲ್ಲಕ್ಕೆ ಹೊಡೆದರೆ ಇನ್ನೊಂದನ್ನು ಕೊಡು ಎಂದು ಸಿಸ್ಟರುಗಳು ಕಲಿಸಿದ್ದರು, ಉಪಯೋಗಕ್ಕೆ ಬಂತು.

ಸೀರೆಯ ಸೆರಗಿನ ನಂತರ ಗಣಿತದ ಮಾಸ್ತರರ ಹಳೆಯ ಟೆರಿಲಿನ್ ಪ್ಯಾಂಟು. ಕತ್ತಿ ಅದರ ಮೇಲೆ ಜಾರಿತು, ಹಿಡಿಯಲೇ ಇಲ್ಲ. ಅರಿಬಿ ಕತ್ತಿಯನ್ನು ಒಂದಿಷ್ಟು ತಡೆಯಬೇಕು, ಇದು ಸಾಹೇಬರ ಹಾಗೆ ಎಲ್ಲದಕ್ಕೂ ಹೂಂ ಅಂತದ ಎಂದ ಹನಮಪ್ಪ. ಕುರಿ ಕಾಯುವ ಬೀರಲಿಂಗಪ್ಪ ಒಂದು ಕಂಬಳಿಯ ತುಂಡು ಕೊಟ್ಟ. ಉಣ್ಣೆ ಮೆತ್ತಗೆ, ಅಲಗು ಅದರೊಳಗೆ ಮುಳುಗಿ ದುಂಡಗಾಗಿ ಎದ್ದು ಬಂತು. ನನ್ನ ಎಡಗಲ್ಲದ ಕೂದಲನ್ನು ಕತ್ತರಿಸಲಿಲ್ಲ, ಕಿತ್ತಿತು. ಮಂಚಕ್ಕೆ ಹೆಣೆಯುವ ನವಾರದ ಪಟ್ಟಿ ಗಟ್ಟಿ ಇತ್ತು, ಆದರೆ ಅದರ ಏಣುಗಳ ಮೇಲೆ ಕತ್ತಿ ಕಟಕಟ ಅಂದಿತು. ಖಾದಿ ಬಹುತೇಕ ಗೆದ್ದಿತ್ತು. ಕೈನೂಲಿನಲ್ಲಿ ಅಲ್ಲಲ್ಲಿ ಗಂಟು ಬರುತ್ತದೆ, ಅಂಥ ಒಂದು ಗಂಟು ಅಲಗಿನಲ್ಲಿ ಸಾಸಿವೆಯಷ್ಟು ಹಲ್ಲು ಬಿಡಿಸಿತು, ಆ ಹಲ್ಲು ನನ್ನ ಗದ್ದಕ್ಕೆ ಸಿಕ್ಕಿತು. ಈ ಸಲದ ಕೆಂಪು ಸೀರೆಯದಾಗಿರಲಿಲ್ಲ. ಹನಮಪ್ಪ ಅದನ್ನು ಒರೆಸಿದ, ಕತ್ತಿ ಮಡಿಚಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಿಮ್ಮದು ನಾಳೆ ಮಾಯತದ ಎಂದ. ಮುಂದಿನದನ್ನು ಹೇಳಲಿಲ್ಲ. ನಾನೂ ಆ ಹೊತ್ತಿಗೆ ಒಂದು ಹಾಸ್ಯದ ಮಾತು ತಯಾರಿಟ್ಟಿದ್ದೆ, ಆಡಲಿಲ್ಲ.

ಏಪ್ರಿಲ್ ಮೊದಲ ವಾರ ಇಬ್ಬರೂ ನವಲಗುಂದಕ್ಕೆ ಹೋದೆವು. ಜಮಖಾನೆ ನೇಯುವ ರೇಷ್ಮಾಬಿಯ ಮನೆ ಹಜರತಅಲಿ ಹೇಳಿದ್ದು. ಅರವತ್ತು ದಾಟಿದ ಹೆಂಗಸು, ಗೋಡೆಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಪಂಜಾ ಎನ್ನುವ ಕಬ್ಬಿಣದ ಹಣಿಗೆಯಿಂದ ನೂಲು ಬಡಿಯುತ್ತಿದ್ದಳು. ಹನಮಪ್ಪ ಮಗಳ ಮದುವೆಯ ಸುದ್ದಿ ಹೇಳಿ, ತಂದ ತುಂಡುಗಳನ್ನೆಲ್ಲ ಅವಳ ಮುಂದೆ ಹಾಸಿದ. ಅವಳು ಒಂದೊಂದರ ಮೇಲೂ ಉಗುರು ಎಳೆದು ಕಿವಿಗೊಟ್ಟಳು. ಕೊರ ಎಂದರೆ ಒರಟು, ಸುಮ್ಮನಿದ್ದರೆ ಸಡಿಲು, ಸುಯ್ಯ ಎನ್ನಬೇಕು, ಅದು ಬಿಗಿ ನೂಲಿನ ಮಾತು ಎಂದಳು. ಇವುಗಳಲ್ಲಿ ಅಂಥದ್ದು ಒಂದೂ ಇಲ್ಲ. ತಾನು ನೇಯಬಹುದು. ಏನು ಹಾಕಲಿ, ನವಿಲೋ, ಚೌಕವೋ?

"ನವಿಲು ಬ್ಯಾಡ್ರಿ ಅವ್ವಾ. ಬಣ್ಣಾನೂ ಬ್ಯಾಡ."

ರೇಷ್ಮಾಬಿಯ ಕೈ ನಿಂತಿತು. "ಬರೇ ಬಿಳೇದು? ಮದಿವಿ ಮನಿಯವ ಬಂದು ಹೆಣದ ಕಫನ್ ನೇಯಿ ಅಂತಿಯಲ್ಲೋ ಬೇಟಾ. ನಲವತ್ತ ವರ್ಷದಾಗ ಬಣ್ಣ ಇಲ್ಲದ ಒಂದ ಗೇಣ ನೇದಿಲ್ಲ ನಾನು."

ಹನಮಪ್ಪ ಆಗ ತಂದೆಯ ಕಾಲು, ಡಾಕ್ಟರರ ಮಾತು, ಬೆಳೆಯುತ್ತಿರುವ ದಾಡಿ ಎಲ್ಲ ಹೇಳಿದ. ತೊಗಲಿನ ಪಟ್ಟಿಯ ಸುದ್ದಿ ತೆಗೆಯಲಿಲ್ಲ. ಅವಳು ಕೇಳಿಸಿಕೊಂಡು, ಎದ್ದು ಒಳಗೆ ಹೋಗಿ, ಬಣ್ಣ ಕಾಣದ ನೂಲಿನ ಲಡಿ ತಂದು ಎರಡೆರಡು ಎಳೆ ಕೂಡಿಸಿ ಹೊಸೆಯತೊಡಗಿದಳು. ಮುಟ್ಟಿ ನೋಡು, ಗಂಟು ಸಿಕ್ಕರೆ ಈಗಲೇ ಹೇಳು ಎಂದಳು. ಎರಡು ವಾರದ ನಂತರ ಹೋದಾಗ ಅಂಗೈ ಅಗಲ, ಮೊಳದುದ್ದದ ಬಿಳಿ ಪಟ್ಟಿ ಕಾಯುತ್ತಿತ್ತು. ಒಂದು ಎಳೆಗೆ ಎರಡು ಸಲ ಬಡಿದಿದ್ದಳು. ಉಗುರು ಎಳೆದೆ. ಸುಯ್ಯ ಅಂದಿತು. ಏನು ಕೊಡಬೇಕು ಎಂದರೆ ಮದುವೆಯ ಊಟಕ್ಕೆ ಕರೆ ಎಂದಳು.

ಹನಮಪ್ಪ ಅದರ ಮೇಲೆ ಮೂರು ದಿನ ಗಾಜಿನ ಬಾಟಲಿ ಉಜ್ಜಿದ, ಎಳೆಯ ಏಣುಗಳು ಕೂಡುವವರೆಗೆ. ಆಮೇಲೆ ಶಾಲೆಯ ಸೀಮೆಸುಣ್ಣವನ್ನು ಜರಡಿ ಹಿಡಿದು, ಹಿಟ್ಟಿನಂತಾದದ್ದನ್ನು ಮಾತ್ರ ತಿಕ್ಕಿದ. ಸೀಮೆಸುಣ್ಣದಿಂದ ನಾನು ಇಪ್ಪತ್ತು ವರ್ಷದಲ್ಲಿ ಯಾರ ಬುದ್ಧಿಯನ್ನೂ ಅಷ್ಟು ಹರಿತ ಮಾಡಿರಲಿಲ್ಲ. ಆ ರವಿವಾರ ನನ್ನ ಮುಖದ ಮೇಲೆ ಕತ್ತಿ ಹೋದದ್ದು ಕತ್ತಿ ಹೋದಂತೆಯೇ ಅನ್ನಿಸಲಿಲ್ಲ. ಇನ್ನು ಉಳಿದದ್ದು ಗೋಡೆಗೆ ಮುಖ ಮಾಡಿದ್ದ ಮನುಷ್ಯ.

ಮದುವೆಗೆ ನಾಲ್ಕು ದಿನವಿತ್ತು. ನಾನು ಹೋದಾಗ ಹನಮಪ್ಪ ತಂದೆಯ ಹೊರಸಿನ ಬದಿಗೇ ಕುಳಿತು, ಪಟ್ಟಿಯ ತುದಿಯನ್ನು ಕಟ್ಟಿಗೆಗೆ ಸಣ್ಣ ಮೊಳೆಗಳಿಂದ ಬಡಿಯುತ್ತಿದ್ದ. ಒಂದು ಮೊಳೆ. ಎರಡು ಮೊಳೆ. ಮೂರನೆಯ ಏಟಿಗೆ ಗೋಡೆಯ ಕಡೆಯಿಂದ ದನಿ ಬಂತು.

"ಮೊಳಿ ಬಡದ ಅರಿಬಿ ನಾಕ ದಿನ ತಾಳೂದಿಲ್ಲ. ಹರೀತದ."

ಹನಮಪ್ಪ ಎತ್ತಿದ ಸುತ್ತಿಗೆಯನ್ನು ಕೆಳಗಿಟ್ಟ. "ಮತ್ತೇನ್ ಮಾಡ್ಲಿ, ಯಪ್ಪಾ?"

"ಆರಿ ತಾ."

ಚಪ್ಪಲಿ ಹೊಲಿಯುವ ಆರಿ ಏಳು ತಿಂಗಳಿಂದ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತಿತ್ತು. ಫಕೀರವ್ವ ತಂದುಕೊಟ್ಟಳು. ರಾಮಪ್ಪ ಎದ್ದು ಕುಳಿತ. ಮೊದಲು ಮೊಳೆಗಳನ್ನು ಕಿತ್ತು ಎಸೆದ. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ, ಒಂದು ತುದಿಯಿಂದ ಇನ್ನೊಂದಕ್ಕೆ, ಮತ್ತೆ ಹಿಂದಕ್ಕೆ. ಯಾರ ಕೈ ಇದು ಎಂದು ಕೇಳಿದ. ರೇಷ್ಮಾಬಿಯದು ಎಂದರೆ, ಹೆಣ್ಣುಮಗಳು ಚಲೋ ಬಡದಾಳ ಎಂದ. ದಾರಕ್ಕೆ ಮೇಣ ಹಚ್ಚಿ, ತುದಿಯನ್ನು ಕಟ್ಟಿಗೆಗೆ ಸುತ್ತಿ ಹೊಲಿಯತೊಡಗಿದ. ಹೊಲಿಗೆಗಳು ಒಂದರ ಹಿಂದೊಂದು ಒಂದೇ ಅಳತೆಯಲ್ಲಿ ಬಿದ್ದವು. ಒಂದು ತಾಸು ಬೇಕಾಯಿತು. ಹೊರಸಿನ ಕೆಳಗೆ ಕಾಳ್ಯಾ ಗೊರಕೆ ಹೊಡೆಯುತ್ತಿತ್ತು. ಹನಮಪ್ಪ ಅದನ್ನು ಒಮ್ಮೆ ದುರುಗುಟ್ಟಿ ನೋಡಿದ. ಇಂಥ ಹೊತ್ತಿನಲ್ಲಿ ಗೊರಕೆ ಸಹಿಸುವುದು ಕಷ್ಟ ಎಂದು ನನಗೆ ಅರ್ಥವಾಯಿತು.

ಹೊಲಿದು ಮುಗಿಸಿ ರಾಮಪ್ಪ ಪಟ್ಟಿಯನ್ನು ಮಗನ ತೊಡೆಯ ಮೇಲೆ ಹಾಕಿದ. ಗದ್ದ ಎತ್ತಿದ.

"ಹೂಂ. ತಗೀ."

ಪಟ್ಟಿಯ ಒಂದು ತುದಿ ಗೂಟಕ್ಕೆ, ಇನ್ನೊಂದು ನನ್ನ ಕೈಗೆ. ಬಿಗಿಯಾಗಿ ಹಿಡೀರಿ, ಸಡಲ ಬಿಟ್ಟರೆ ಅಲಗು ಹೊರಳತದ ಎಂದು ಹನಮಪ್ಪ ಎಚ್ಚರಿಸಿದ. ಕತ್ತಿಯನ್ನು ಒಣಬಟ್ಟೆಯಲ್ಲಿ ಎರಡು ಸಲ ಒರೆಸಿದ. ನಲವತ್ತು ಸಲ ಎಳೆದ. ಎಣಿಸಿದ್ದು ನಾನಲ್ಲ, ಬಾಗಿಲಲ್ಲಿ ನಿಂತ ಮಲ್ಲಕ್ಕ. ಆಮೇಲೆ ಎಡಗೈಯಿಂದ ತಂದೆಯ ಗಲ್ಲದ ಒಂದೊಂದು ಸುಕ್ಕನ್ನೂ ಚಾಚಿ, ಅದು ಸಮವಾದಷ್ಟೇ ಜಾಗದಲ್ಲಿ ಕತ್ತಿ ಇಳಿಸಿದ. ಹಣೆಯ ಬೆವರು ಹುಬ್ಬಿಗೆ ಬಂದಾಗ ಫಕೀರವ್ವ ಸೆರಗಿನಿಂದ ಒರೆಸಿದಳು. ಕೊರಳ ಮಣಿಯ ಕೆಳಗೆ ಬಂದಾಗ ಅವನು ಉಸಿರು ಹಿಡಿದ. ನಾವೂ ಹಿಡಿದೆವು. ಮುಗಿದ ಮೇಲೆ ತೊಳೆದ ಬಿಳಿಯ ಪಂಜೆಯ ತುಂಡನ್ನು ತಂದೆಯ ಮುಖಕ್ಕೆ ಒತ್ತಿ ತೆಗೆದು, ಬಾಗಿಲ ಬೆಳಕಿಗೆ ಹಿಡಿದ. ಬಿಳಿಯಾಗಿಯೇ ಇತ್ತು.

ರಾಮಪ್ಪ ಎರಡೂ ಕೈಯಿಂದ ಮುಖ ತಡವಿಕೊಂಡ. ಕಾಳ್ಯಾನನ್ನು ಕರೆದು, ಬಗ್ಗಿ, ಗಲ್ಲವನ್ನು ಅದಕ್ಕೆ ಒಡ್ಡಿದ. ನೋಡು, ಗುರುತು ಸಿಕ್ಕಿತೇನು ಎಂದು ಅದನ್ನೇ ಕೇಳಿದ. ನಾಯಿ ಮೂಸಿ ನೆಕ್ಕಿತು. ಹನಮಪ್ಪ ಥಟ್ಟನೆ ಮುಖ ತಿರುಗಿಸಿ ಹಿತ್ತಿಲಿಗೆ ಹೋದ. ಕಣ್ಣೀರು ಮರೆಸಲು ಹೋದನೆಂದು ನಾನು ಹಿಂದೆ ಹೋಗಲಿಲ್ಲ.

ಮದುವೆಯಲ್ಲಿ ರಾಮಪ್ಪ ಹಂದರದ ನಡುವೆ ರುಮಾಲು ಸುತ್ತಿ ಕುಳಿತಿದ್ದ. ಮನೆಯಲ್ಲಿ ಯಾರು ತೀರಿಕೊಂಡರೆಂದು ಯಾರೂ ಕೇಳಲಿಲ್ಲ. ಅಕ್ಕಿಕಾಳು ಹಾಕುವಾಗ ಅವನ ಕೈಯನ್ನು ಮಲ್ಲಕ್ಕ ಒಂದು ಗಳಿಗೆ ಹಿಡಿದಿಟ್ಟುಕೊಂಡಳು. ಆಮೇಲೆ ಎರಡು ವರ್ಷ ಪ್ರತಿ ರವಿವಾರ ಮೂವತ್ತು ಮುಖಗಳಲ್ಲಿ ಮೊದಲನೆಯದು ಅವನದು. ೧೯೮೭ರ ಶ್ರಾವಣದಲ್ಲಿ ತೀರಿಕೊಂಡ. ಕೊನೆಯ ಕ್ಷೌರವೂ ಅದೇ ಕತ್ತಿಯಿಂದ, ಅದೇ ಪಟ್ಟಿಗೆ ಮಸೆದು. ಆಗ ಪಟ್ಟಿಯ ತುದಿ ಹಿಡಿದವನು ನಾನೇ. ಒಂದು ಹನಿ ರಕ್ತ ಬೀಳದಂತೆ ನೋಡಿಕೊಳ್ಳುವ ಅಗತ್ಯ ಇನ್ನಿರಲಿಲ್ಲ. ಹನಮಪ್ಪ ಆದರೂ ನಲವತ್ತು ಸಲ ಎಳೆದ. ಹದಿನೈದು ದಿನಕ್ಕೆ ಕಾಳ್ಯಾನೂ ಹೋಯಿತು.

ಆದರೆ ಸೋತದ್ದು ಯಾರು, ಗೆದ್ದದ್ದು ಯಾರು? ತೊಗಲಿನ ಮಾತನ್ನು ತಂದೆ ಮತ್ತೆ ಎತ್ತಲಿಲ್ಲ, ಮಗ ಹೇಳಲಿಲ್ಲ. ಈ ಮೌನವನ್ನು ನಾನು ನಾಲ್ಕು ವರ್ಷ ಎದೆಯಲ್ಲಿಟ್ಟು ಸಾಕಿದೆ. ೧೯೮೯ರ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಸ್ವಾಭಿಮಾನದ ಬಗ್ಗೆ ಮಾತಾಡಿ ಎಂದಾಗ ಅದನ್ನು ಹೊರಗೆ ಬಿಟ್ಟೆ. ಹೆಸರು ಹೇಳದೆ ಹೇಳಿದೆ: ತಲೆಮಾರುಗಳಿಂದ ಹೊರಿಸಿದ ತೊಗಲನ್ನು ಒಬ್ಬ ಮನುಷ್ಯ ಮಾತಿಲ್ಲದೆ ಕೆಳಗಿಟ್ಟ ಬಗೆ, ಹೆತ್ತ ತಂದೆಯ ಮುನಿಸನ್ನೂ ಸಹಿಸಿ ಒಂದು ಬಿಳಿ ಬಟ್ಟೆಯನ್ನು ಆರಿಸಿಕೊಂಡ ಬಗೆ. ಸಂಘದ ಹರೆಯದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹನಮಪ್ಪ ಹಿಂದಿನ ಸಾಲಿನಲ್ಲಿ ಕುರ್ಚಿ ಎಣಿಸುತ್ತಿದ್ದ.

ಎಲ್ಲ ಮುಗಿದ ಮೇಲೆ ಜಮಖಾನೆಯ ಒಂದು ಕಡೆ ಅವನು, ಒಂದು ಕಡೆ ನಾನು ಹಿಡಿದು ಸುತ್ತುತ್ತಿದ್ದೆವು. ಐದು ವರ್ಷ ಕೇಳದ ಮಾತನ್ನು ಆಗ ಕೇಳಿದೆ. ಅವನ ಬಾಯಿಂದಲೇ ಒಮ್ಮೆ ಕೇಳುವ ಆಸೆ.

"ಹನಮಪ್ಪ, ಇಷ್ಟ ವರ್ಷ ಆತು. ಖರೇ ಹೇಳ್ರಿ. ಅಪ್ಪ ಅಷ್ಟ ನೊಂದ್ರೂ ನೀವು ತೊಗಲ ಯಾಕ ಬಿಟ್ರಿ?"

ಅವನು ಸುತ್ತುವುದನ್ನು ನಿಲ್ಲಿಸಿದ. ತಂದೆ ಇನ್ನೂ ಎಲ್ಲೋ ಕೇಳಿಸಿಕೊಳ್ಳುತ್ತಿರಬಹುದು ಎಂಬಂತೆ ಸುತ್ತ ನೋಡಿ ದನಿ ತಗ್ಗಿಸಿದ.

"ಬಿಟ್ಟಿದ್ದಲ್ರೀ ಸರ್. ಅಪ್ಪ ದವಾಖಾನ್ಯಾಗ ಇದ್ದಾಗ ಕಾಳ್ಯಾ ತಿಂದಿತ್ತರಿ. ಎರಡ ತಿಂಗಳ ಹದಾ ಮಾಡಿದ್ದು, ಅರ್ಧಾ ತಾಸಿನ್ಯಾಗ."